ಅಟ್ಟದ ಹಲಗೆ: ಲಿಂಡ್‌ಬರ್ಗ್ ಮಗುವಿನ ಅಪಹರಣ ಪ್ರಕರಣ

ಆ ಏಣಿಯನ್ನು ಯಾವ ಊರಿನ ಆಚಾರಿಗೆ ತೋರಿಸಿದರೂ ಮೊದಲು ನಕ್ಕುಬಿಟ್ಟಾರು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಒಂದೂವರೆ ಅಡಿಗೂ ಹೆಚ್ಚು ಅಂತರ. ಏಣಿಯ ಕಾಲಿಗೆ ಬಳಸಿದ ಪಟ್ಟಿಗಳು ಒಬ್ಬ ಗಂಡಸಿನ ಭಾರ ಹೊರುವಷ್ಟು ದಪ್ಪವಿಲ್ಲ. ಒಂದೇ ಏಣಿಯಲ್ಲಿ ನಾಲ್ಕು ಜಾತಿಯ ಮರ. ಕಾರಿನಲ್ಲಿ ಹಿಡಿಸುವಂತೆ ಅದನ್ನು ಮೂರು ತುಂಡು ಮಾಡಿ, ಒಂದರೊಳಗೆ ಇನ್ನೊಂದು ಕೂರುವ ಹಾಗೆ ಒಂದಕ್ಕಿಂತ ಒಂದನ್ನು ಕಿರಿದಾಗಿಸಿದ್ದರು. ಮೂರೂ ಸೇರಿದರೆ ತೂಕ 38 ಪೌಂಡ್, ಅಂದರೆ ಸುಮಾರು 17 ಕಿಲೋ. ಕೆಲಸ ಒರಟು, ಯೋಚನೆ ಮಾತ್ರ ಒರಟಲ್ಲ. 1932ರ ಮಾರ್ಚ್ 1ರ ರಾತ್ರಿ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಹೋಪ್‌ವೆಲ್ ಊರಿನ ಆಚೆ, ಒಂದು ಹೊಸ ಮನೆಯಿಂದ ಸುಮಾರು 75 ಅಡಿ ದೂರದಲ್ಲಿ ಪೊಲೀಸರಿಗೆ ಅದು ಸಿಕ್ಕಿತು. ಎರಡು ತುಂಡುಗಳನ್ನು ಜೋಡಿಸುವ ಕಡೆ ಪಟ್ಟಿ ಸೀಳಿತ್ತು.

ಈ ಪ್ರಕರಣದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್‌ನಿಂದ ಆರಂಭಿಸುತ್ತಾರೆ. ನಾನು ಏಣಿಯಿಂದ ಆರಂಭಿಸುವುದಕ್ಕೆ ಕಾರಣವಿದೆ. ಎರಡೂವರೆ ವರ್ಷ ಮನುಷ್ಯರ ಮೇಲೆ ಅನುಮಾನಪಟ್ಟವರೆಲ್ಲ ದಾರಿ ತಪ್ಪಿದರು. ದಾರಿ ಸಿಕ್ಕಿದ್ದು ಮರದ ಎಳೆಯನ್ನೂ ನೋಟಿನ ನಂಬರನ್ನೂ ಬೆನ್ನುಹತ್ತಿದವರಿಗೆ.

ಮಂಗಳವಾರದ ಮನೆ

ಲಿಂಡ್‌ಬರ್ಗ್ 1927ರ ಮೇ 20–21ರಂದು ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಒಬ್ಬನೇ, ಎಲ್ಲೂ ಇಳಿಯದೆ, ಮೂವತ್ತಮೂರೂವರೆ ಗಂಟೆ ಹಾರಿದವನು. ಅಲ್ಲಿಂದ ಮುಂದೆ ಅವನಿಗೆ ಬೀದಿಯಲ್ಲಿ ನಡೆದಾಡುವ ಸ್ವಾತಂತ್ರ್ಯವೇ ಇಲ್ಲವಾಯಿತು. ಹೆಂಡತಿ ಆ್ಯನ್ ಮಾರೋ ದೊಡ್ಡ ಮನೆತನದವಳು. ಅವಳ ತಂದೆ ಡ್ವೈಟ್ ಮಾರೋ ಬ್ಯಾಂಕ್ ಪಾಲುದಾರ, ಮೆಕ್ಸಿಕೋಗೆ ರಾಯಭಾರಿ, ಕೊನೆಗೆ ಸೆನೆಟರ್. ಪತ್ರಕರ್ತರ ಕಾಟ ತಪ್ಪಲೆಂದು ಗಂಡಹೆಂಡತಿ ಸೋರ್ಲೆಂಡ್ ಗುಡ್ಡಗಳ ನಡುವೆ ನೂರಾರು ಎಕರೆ ಜಾಗ ಕೊಂಡು ಮನೆ ಕಟ್ಟಿಸಿದರು. ಅದೇ ಹೈಫೀಲ್ಡ್ಸ್. ಒಂಟಿಮನೆ, ಸುತ್ತ ಕಾಡು. ಅಡಗಿಕೊಳ್ಳುವುದಕ್ಕೆ ಒಳ್ಳೆಯ ಜಾಗ. ಬೇರೆಯವರು ಅಡಗಿಕೊಳ್ಳುವುದಕ್ಕೂ ಅಷ್ಟೇ ಒಳ್ಳೆಯ ಜಾಗ.

ಮನೆಯ ಕೆಲಸ ಇನ್ನೂ ಪೂರ್ತಿಯಾಗಿರಲಿಲ್ಲ. ವಾರದ ದಿನಗಳಲ್ಲಿ ಎಂಗಲ್‌ವುಡ್‌ನ ಮಾರೋ ಬಂಗಲೆಯಲ್ಲಿದ್ದು ಶನಿವಾರ, ಭಾನುವಾರ ಮಾತ್ರ ಇಲ್ಲಿಗೆ ಬರುವುದು ರೂಢಿಯಾಗಿತ್ತು. ಆ ವಾರ ಮಗುವಿಗೆ ನೆಗಡಿ. ಚಳಿ, ಮಳೆ ಬೇರೆ. ಸೋಮವಾರ ಹೊರಡಲಿಲ್ಲ, ಮಂಗಳವಾರವೂ ಹೊರಡಲಿಲ್ಲ. ಎಂಗಲ್‌ವುಡ್‌ನಲ್ಲಿದ್ದ ದಾದಿಯನ್ನು ಫೋನ್ ಮಾಡಿ ಇಲ್ಲಿಗೇ ಕರೆಸಿಕೊಂಡರು. ಅಂದರೆ ಮಂಗಳವಾರ ರಾತ್ರಿ ಈ ಕುಟುಂಬ ಹೈಫೀಲ್ಡ್ಸ್‌ನಲ್ಲಿ ಇರುತ್ತದೆಂದು ಹಿಂದಿನ ದಿನ ಅವರಿಗೇ ಖಚಿತವಿರಲಿಲ್ಲ. ಈ ಒಂದು ಸಂಗತಿಯನ್ನು ಓದುಗರು ಮರೆಯಬಾರದು. ಇಡೀ ಪ್ರಕರಣದಲ್ಲಿ ಇವತ್ತಿಗೂ ನನ್ನನ್ನು ಕಾಡುವುದು ಇದೇ.

ಮಗುವಿಗೂ ಚಾರ್ಲ್ಸ್ ಎಂದೇ ಹೆಸರು. ಹುಟ್ಟಿದ್ದು 1930ರ ಜೂನ್ 22. ಅಂದು ಇಪ್ಪತ್ತು ತಿಂಗಳ ಕೂಸು. ರಾತ್ರಿ ಎಂಟರೊಳಗೆ ಮಲಗಿಸಿ, ಹೊದಿಕೆ ಜಾರದಂತೆ ಎರಡು ಸೇಫ್ಟಿ ಪಿನ್ ಹಾಕಿ ಹಾಸಿಗೆಗೆ ಸಿಕ್ಕಿಸಿದ್ದರು. ಕೋಣೆ ಇದ್ದದ್ದು ಮಹಡಿಯ ಮೇಲೆ, ಆಗ್ನೇಯ ಮೂಲೆಯಲ್ಲಿ. ಆ ಮೂಲೆಯ ಕಿಟಕಿಯೊಂದರ ಹೊರಬಾಗಿಲು ತೇವಕ್ಕೆ ಡೊಂಕಾಗಿ ಚಿಲಕ ಹಾಕಲು ಬರುತ್ತಿರಲಿಲ್ಲ. ಎಷ್ಟು ಎಳೆದರೂ ಕೂರದಿದ್ದಾಗ ಹಾಗೆಯೇ ಬಿಟ್ಟರು. ಕಳ್ಳ ಬಂದದ್ದು ಆ ಕಿಟಕಿಯಿಂದಲೇ.

ಲಿಂಡ್‌ಬರ್ಗ್ ಆ ರಾತ್ರಿ ನ್ಯೂಯಾರ್ಕಿನಲ್ಲಿ ಒಂದು ಔತಣಕೂಟದಲ್ಲಿ ಮಾತನಾಡಬೇಕಿತ್ತು. ದಿನಾಂಕ ತಲೆಯಲ್ಲಿ ಅದಲುಬದಲಾಗಿ ಎಂಟೂವರೆಯ ಹೊತ್ತಿಗೆ ಮನೆಗೆ ಬಂದ. ಒಂಬತ್ತು ಗಂಟೆ ದಾಟುತ್ತಿದ್ದಂತೆ ಕಿತ್ತಳೆಹಣ್ಣಿನ ಪೆಟ್ಟಿಗೆಯ ಪಟ್ಟಿ ಮುರಿದಂಥ ಸದ್ದೊಂದು ಅವನ ಕಿವಿಗೆ ಬಿತ್ತು. ಅಡುಗೆಮನೆಯಲ್ಲಿ ಏನೋ ಬಿದ್ದಿರಬೇಕೆಂದುಕೊಂಡು ಸುಮ್ಮನಾದ. ಆಮೇಲೆ ಮಗುವಿನ ಕೋಣೆಯ ಕೆಳಗೇ ಇದ್ದ ಓದುಕೋಣೆಗೆ ಹೋಗಿ ಕುಳಿತ. ಹತ್ತು ಗಂಟೆಗೆ ದಾದಿ ಮಗುವನ್ನು ನೋಡಲು ಹೋದಾಗ ತೊಟ್ಟಿಲು ಖಾಲಿ. ತಾಯಿಯ ಬಳಿ ಇರಬಹುದೆಂದು ಕೇಳಿದಳು, ಇಲ್ಲ. ತಂದೆಯ ಬಳಿ ಕೇಳಿದಳು, ಅಲ್ಲೂ ಇಲ್ಲ. ಕಿಟಕಿಯ ಹತ್ತಿರ ಒಂದು ಬಿಳಿ ಲಕೋಟೆ ಇತ್ತು.

ಮನೆಯೊಳಗೆ ಐವರು ದೊಡ್ಡವರು, ಜೊತೆಗೆ ಒಂದು ನಾಯಿ. ನಾಯಿ ಬೊಗಳಲಿಲ್ಲ. ಇದನ್ನು ಹಿಡಿದುಕೊಂಡು ಮನೆಯವರದೇ ಕೈವಾಡ ಎಂದು ವಾದಿಸಿದವರು ಬಹಳ. ನಾಯಿ ಮಲಗಿದ್ದುದು ಮನೆಯ ಇನ್ನೊಂದು ತುದಿಯಲ್ಲಿ, ಹೊರಗೆ ಗಾಳಿ ಭೋರೆನ್ನುತ್ತಿತ್ತು. ನಾಯಿ ಸಾಕಿದವರಿಗೆ ಅದರಲ್ಲಿ ಅಂಥ ರಹಸ್ಯವೇನೂ ಕಾಣುವುದಿಲ್ಲ.

ಕೆಸರಿನಲ್ಲಿ ಕಳೆದುಹೋದದ್ದು

ಲಕೋಟೆಯನ್ನು ಲಿಂಡ್‌ಬರ್ಗ್ ಯಾರಿಗೂ ಮುಟ್ಟಲು ಬಿಡಲಿಲ್ಲ. ಬೆರಳಚ್ಚು ಪರಿಣತರು ಬರಲಿ ಎಂದ. ಅಷ್ಟು ಎಚ್ಚರ ಅಂಗಳದ ಬಗ್ಗೆ ಯಾರಿಗೂ ಇರಲಿಲ್ಲ. ಕಿಟಕಿಯ ಕೆಳಗಿನ ಹಸಿ ಮಣ್ಣಿನಲ್ಲಿ ಏಣಿಯ ಕಾಲು ಊರಿದ ಗುರುತು, ಹೆಜ್ಜೆ ಗುರುತು ಎರಡೂ ಇದ್ದವು. ಹೆಜ್ಜೆಯ ಅಳತೆಯನ್ನು ಸರಿಯಾಗಿ ತೆಗೆಯಲಿಲ್ಲ, ಅಚ್ಚು ಹೊಯ್ಯಲಿಲ್ಲ. ರಾತ್ರಿ ಕಳೆಯುವುದರೊಳಗೆ ಪೊಲೀಸರು, ಪತ್ರಕರ್ತರು, ಫೋಟೋದವರು ಸೇರಿ ಅಂಗಳವನ್ನು ನಾಟಿಗೆ ಸಿದ್ಧವಾದ ಗದ್ದೆಯಂತೆ ತುಳಿದು ಹಾಕಿದರು. ಒಳಗೆ ಲಕೋಟೆಯ ಮೇಲೂ ಕಾಗದದ ಮೇಲೂ ಕೆಲಸಕ್ಕೆ ಬರುವ ಬೆರಳಚ್ಚು ಸಿಗಲಿಲ್ಲ. ಹೊರಗೆ ಸಿಕ್ಕಿದ್ದು ಏಣಿ ಮತ್ತು ಮುಕ್ಕಾಲು ಅಂಗುಲದ ಒಂದು ಉಳಿ.

ಕಾಗದದಲ್ಲಿದ್ದ ಬೇಡಿಕೆ 50,000 ಡಾಲರ್. ಇಪ್ಪತ್ತರ ನೋಟಿನಲ್ಲಿ 25,000, ಹತ್ತರಲ್ಲಿ 15,000, ಐದರಲ್ಲಿ 10,000. ಲೆಕ್ಕ ಹಾಕಿದರೆ 4,750 ನೋಟು. ಪೊಲೀಸರಿಗೆ ತಿಳಿಸಬೇಡಿ, ಮಗು ಚೆನ್ನಾಗಿದೆ ಎಂಬ ಮಾತು. ‘ಒಳ್ಳೆಯ’ ಎನ್ನುವ ಕಡೆ ಇಂಗ್ಲಿಷ್ ಪದದ ಬದಲು ‘ಗುಟ್’ ಎಂದು ಬರೆದಿತ್ತು, ಅದು ಜರ್ಮನ್. ಡಾಲರ್ ಚಿಹ್ನೆ ಅಂಕಿಯ ಮುಂದಿರದೆ ಹಿಂದಿತ್ತು. ಕೊನೆಗೆ ರುಜುವಿನ ಬದಲು ಒಂದರೊಳಗೊಂದು ಹೆಣೆದ ಎರಡು ನೀಲಿ ವೃತ್ತ, ಅವು ಕೂಡುವಲ್ಲಿ ಕೆಂಪು ಗುರುತು, ಮೂರು ತೂತು. ಮುಂದೆ ಬಂದ ಕಾಗದಗಳು ಅಸಲಿಯೋ ನಕಲಿಯೋ ಎಂದು ತಿಳಿಯಲು ಈ ತೂತುಗಳೇ ಆಧಾರವಾದವು. ಒಟ್ಟು ಬಂದದ್ದು ಹದಿಮೂರು ಕಾಗದ.

ತನಿಖೆಯ ಹೊಣೆ ನ್ಯೂಜೆರ್ಸಿ ರಾಜ್ಯ ಪೊಲೀಸ್ ಮುಖ್ಯಸ್ಥ ಕರ್ನಲ್ ನಾರ್ಮನ್ ಶ್ವಾರ್ಟ್ಸ್‌ಕಾಫ್‌ನದು. ಮುಂದೆ 1991ರ ಕೊಲ್ಲಿ ಯುದ್ಧದಲ್ಲಿ ಹೆಸರು ಮಾಡಿದ ಜನರಲ್ ಈತನ ಮಗ. ಕರ್ನಲ್ ಸೈನಿಕ ಶಿಸ್ತಿನ ಮನುಷ್ಯ; ಅಪರಾಧ ಪತ್ತೆಯಲ್ಲಿ ಪಳಗಿದವನಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ನಿಜವಾಗಿ ತನಿಖೆ ನಡೆಸುತ್ತಿದ್ದವನು ಲಿಂಡ್‌ಬರ್ಗ್. ಯಾರನ್ನು ಹಿಂಬಾಲಿಸಬೇಕು, ಯಾರನ್ನು ಬಿಡಬೇಕು ಎಂಬುದೆಲ್ಲ ಅವನ ಮಾತಿನಂತೆ. ಮಗು ಜೀವಂತವಾಗಿ ಬರಲಿ, ಕಳ್ಳ ಆಮೇಲೆ ಸಿಗಲಿ ಎಂಬ ತಂದೆಯ ಸಂಕಟ ಅರ್ಥವಾಗುತ್ತದೆ. ಆದರೆ ದೂರುದಾರನೇ ದಂಡನಾಯಕನಾದರೆ ತನಿಖೆ ಏನಾಗಬಹುದೋ ಅದೇ ಆಯಿತು.

ಅವಕಾಶಕ್ಕೆ ಕಾದಿದ್ದವರು ಹಿಂಡುಹಿಂಡಾಗಿ ಬಂದರು. ಜೈಲಿನಲ್ಲಿದ್ದ ಕುಖ್ಯಾತ ಪಾತಕಿ ಅಲ್ ಕಪೋನ್, ತನ್ನನ್ನು ಬಿಟ್ಟರೆ ಮಗುವನ್ನು ಹುಡುಕಿಕೊಡುವೆನೆಂದ. ಗ್ಯಾಸ್ಟನ್ ಮೀನ್ಸ್ ಎಂಬ ಹಳೆಯ ವಂಚಕ ವಾಷಿಂಗ್ಟನ್ನಿನ ಶ್ರೀಮಂತೆಯೊಬ್ಬಳಿಂದ, ಮಗುವನ್ನು ತಂದುಕೊಡುತ್ತೇನೆಂದು ಲಕ್ಷ ಡಾಲರಿಗೂ ಹೆಚ್ಚು ಕಿತ್ತುಕೊಂಡು ಜೈಲು ಸೇರಿದ.

ಸ್ಮಶಾನದ ಬೇಲಿಯ ಬಳಿ

ಅಸಲಿ ಅಪಹರಣಕಾರನ ಜೊತೆ ಸಂಪರ್ಕ ಕೂಡಿದ್ದು ಯಾರೂ ಎಣಿಸದ ದಾರಿಯಲ್ಲಿ. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ನಿವೃತ್ತ ಶಿಕ್ಷಕ ಜಾನ್ ಕಾಂಡನ್‌ಗೆ ಎಪ್ಪತ್ತು ದಾಟಿತ್ತು. ಬಹಳ ಮಾತಿನ ಮನುಷ್ಯ, ಸ್ವಲ್ಪ ನಾಟಕದ ಮನುಷ್ಯ ಕೂಡ. ಸ್ಥಳೀಯ ಪತ್ರಿಕೆಗೆ ಕಾಗದ ಬರೆದು, ತಾನು ಮಧ್ಯಸ್ಥಿಕೆ ವಹಿಸುವುದಾಗಿಯೂ ಸ್ವಂತದ 1,000 ಡಾಲರ್ ಸೇರಿಸುವುದಾಗಿಯೂ ಹೇಳಿದ. ಅಪಹರಣಕಾರ ಒಪ್ಪಿದ! ತೂತುಗಳ ಗುರುತು ಸರಿಹೋಯಿತು. ಜೆ. ಎಫ್. ಸಿ. ಎಂಬ ತನ್ನ ಹೆಸರಿನ ಅಕ್ಷರಗಳನ್ನು ಕೂಡಿಸಿ ‘ಜಾಫ್ಸಿ’ ಎಂಬ ಗುಪ್ತನಾಮದಲ್ಲಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟ. ಮಾರ್ಚ್ 12ರಂದು ವುಡ್‌ಲಾನ್ ಸ್ಮಶಾನದ ಬಳಿ ಕೋಟಿನ ಕಾಲರನ್ನು ಮುಖಕ್ಕೆ ಮುಚ್ಚಿಕೊಂಡ ಒಬ್ಬನ ಜೊತೆ ಒಂದು ಗಂಟೆಗೂ ಹೆಚ್ಚು ಹೊತ್ತು ಮಾತನಾಡಿದ. ಅವನು ತನ್ನ ಹೆಸರು ಜಾನ್ ಎಂದ. ಕೆಲವು ದಿನಗಳ ಮೇಲೆ, ಸಾಕ್ಷಿಗೆಂದು ಮಗು ಮಲಗುವಾಗ ತೊಡುತ್ತಿದ್ದ ಉಡುಪನ್ನು ಅಂಚೆಯಲ್ಲಿ ಕಳುಹಿಸಿದ.

ಏಪ್ರಿಲ್ 2ರ ರಾತ್ರಿ ಸೇಂಟ್ ರೇಮಂಡ್ಸ್ ಸ್ಮಶಾನದಲ್ಲಿ ಹಣ ಕೈಬದಲಾಯಿತು. ಅಷ್ಟರೊಳಗೆ ಬೇಡಿಕೆ 70,000ಕ್ಕೆ ಏರಿತ್ತು. ಕಾಂಡನ್ ಚೌಕಾಸಿ ಮಾಡಿ 50,000ಕ್ಕೆ ಇಳಿಸಿ, ಹೆಮ್ಮೆಯಿಂದ 20,000 ವಾಪಸು ತಂದ. ಖಜಾನೆ ಇಲಾಖೆಯವರು ತಲೆ ಚಚ್ಚಿಕೊಂಡರು. ಅವನು ಉಳಿಸಿ ತಂದದ್ದು ಐವತ್ತರ ನೋಟುಗಳ ಕಟ್ಟು, ಬಳಸಿದರೆ ಎಲ್ಲಕ್ಕಿಂತ ಬೇಗ ಸಿಕ್ಕಿಬೀಳುವ ನೋಟುಗಳು ಅವೇ. ದೂರದ ಕಾರಿನಲ್ಲಿ ಕುಳಿತಿದ್ದ ಲಿಂಡ್‌ಬರ್ಗ್‌ಗೆ ಕೇಳಿಸಿದ್ದು ಕತ್ತಲೊಳಗಿಂದ ಕಾಂಡನ್‌ನನ್ನು ‘ಡಾಕ್ಟರ್’ ಎಂದು ಕೂಗಿ ಕರೆದ ಒಂದೆರಡು ಶಬ್ದ, ಅಷ್ಟೇ. ಮಗು ‘ನೆಲ್ಲಿ’ ಎಂಬ ದೋಣಿಯಲ್ಲಿದೆ ಎಂಬ ಚೀಟಿ ಸಿಕ್ಕಿತು. ಲಿಂಡ್‌ಬರ್ಗ್ ವಿಮಾನದಲ್ಲಿ ಮ್ಯಾಸಚೂಸೆಟ್ಸ್ ಕರಾವಳಿಯನ್ನೆಲ್ಲ ಜಾಲಾಡಿದ. ಅಂಥ ದೋಣಿಯೇ ಇರಲಿಲ್ಲ.

ಮೇ 12ರಂದು ಲಾರಿಯವನೊಬ್ಬ ದೇಹಬಾಧೆಗೆಂದು ರಸ್ತೆಬದಿಯ ಮರಗಳ ನಡುವೆ ಹೋದಾಗ ಮಗುವಿನ ಶವ ಕಂಡ. ಮನೆಯಿಂದ ಸುಮಾರು ನಾಲ್ಕೂವರೆ ಮೈಲಿ. ತಲೆಗೆ ಪೆಟ್ಟು, ಸತ್ತು ಸುಮಾರು ಎರಡು ತಿಂಗಳು. ಅಂದರೆ ಸ್ಮಶಾನದ ಚೌಕಾಸಿ, ಉಡುಪು, ದೋಣಿ ಎಲ್ಲವೂ ಸತ್ತ ಕೂಸಿನ ಹೆಸರಿನಲ್ಲಿ ನಡೆದ ವ್ಯಾಪಾರ.

ಜೂನ್ ತಿಂಗಳಲ್ಲಿ ಇನ್ನೊಂದು ಸಾವು. ಮಾರೋ ಬಂಗಲೆಯ ಮನೆಗೆಲಸದ ಹುಡುಗಿಯೊಬ್ಬಳು, ಆ ರಾತ್ರಿ ಎಲ್ಲಿದ್ದೆ ಎಂಬ ಪ್ರಶ್ನೆಗೆ ಒಮ್ಮೆ ಒಂದು, ಮತ್ತೊಮ್ಮೆ ಇನ್ನೊಂದು ಹೇಳಿದ್ದಳು. ಪೊಲೀಸರು ಮತ್ತೆ ವಿಚಾರಣೆಗೆ ಬರುತ್ತಾರೆಂದು ತಿಳಿದು ಬೆಳ್ಳಿ ಸಾಮಾನು ಉಜ್ಜುವ ವಿಷದ ಪುಡಿ ಕುಡಿದಳು. ಅವಳು ಮುಚ್ಚಿಟ್ಟಿದ್ದು ಗೆಳೆಯರ ಜೊತೆ ಹೊರಗೆ ತಿರುಗಾಡಲು ಹೋಗಿದ್ದನ್ನು. ಅಪಹರಣಕ್ಕೂ ಅವಳಿಗೂ ನಂಟಿರಲಿಲ್ಲ. ದೊಡ್ಡವರ ಮನೆಯಲ್ಲಿ ಏನಾದರೂ ಕಳೆದರೆ ಮೊದಲ ಕಣ್ಣು ಬೀಳುವುದು ಆಳಿನ ಮೇಲೆ. ಅದು ಯಾವ ದೇಶವಾದರೂ ಅಷ್ಟೇ.

ಮರ ಓದಿದವನು

ವಿಸ್ಕಾನ್ಸಿನ್‌ನ ಮ್ಯಾಡಿಸನ್ ಊರಿನಲ್ಲಿ ಅಮೆರಿಕದ ಅರಣ್ಯ ಇಲಾಖೆಯ ಒಂದು ಪ್ರಯೋಗಾಲಯವಿದೆ. ಆರ್ಥರ್ ಕೋಲರ್ ಅಲ್ಲಿ ಮರದ ಪರೀಕ್ಷಕ. ಏಣಿಯ ಸುದ್ದಿ ಪತ್ರಿಕೆಯಲ್ಲಿ ಓದಿದ ಕೂಡಲೇ ನೆರವು ನೀಡುತ್ತೇನೆಂದು ತಾನಾಗಿ ಬರೆದಿದ್ದ. ಮೊದಲು ಕೆಲವು ಚಕ್ಕೆಗಳು ಪರೀಕ್ಷೆಗೆ ಬಂದವು. 1933ರ ಆರಂಭದಲ್ಲಿ ಅವನೇ ನ್ಯೂಜೆರ್ಸಿಗೆ ಬಂದು ಏಣಿಯನ್ನು ಬಿಚ್ಚಿ, ಪ್ರತಿ ತುಂಡಿಗೂ ನಂಬರು ಕೊಟ್ಟು ಕುಳಿತ.

ಕೋಲರ್ ಕೇಳಿದ ಪ್ರಶ್ನೆ ಪೊಲೀಸರು ಕೇಳಿದ್ದಲ್ಲ. ಅವರು ಇದನ್ನು ಮುಟ್ಟಿದವರು ಯಾರು ಎಂದು ಕೇಳುತ್ತಿದ್ದರು. ಅವನು ಈ ಮರ ಎಲ್ಲಿಂದ ಬಂತು ಎಂದು ಕೇಳಿದ.

ಮೆಟ್ಟಿಲುಗಳಿಗೆ ಹೆಚ್ಚಾಗಿ ಪಾಂಡೆರೋಸಾ ಪೈನ್, ಕಾಲುಗಳಿಗೆ ಡಗ್ಲಸ್ ಫರ್ ಮತ್ತು ದಕ್ಷಿಣದ ಹಳದಿ ಪೈನ್, ತುಂಡುಗಳನ್ನು ಕೂಡಿಸುವ ಗೂಟಗಳಿಗೆ ಬರ್ಚ್. ಕೆಳತುಂಡಿನ ಎರಡು ಕಾಲುಗಳು, ಅಂದರೆ 12 ಮತ್ತು 13ನೇ ನಂಬರಿನ ಪಟ್ಟಿಗಳು, ಒಂದೇ ಗಿರಣಿಯಿಂದ ಬಂದ ಪೈನ್. ಮರದ ಗಿರಣಿಯಲ್ಲಿ ಹಲಗೆಯನ್ನು ನಯ ಮಾಡುವುದು ತಿರುಗುವ ಉರುಳೆಗೆ ಕೂರಿಸಿದ ಅಲಗುಗಳು. ನಮ್ಮ ಕಣ್ಣಿಗೆ ಹಲಗೆ ನುಣುಪು. ಓರೆ ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಅಲೆ ಕಾಣುತ್ತದೆ. ಒಂದು ಅಲಗು ಚೂರು ಮುಕ್ಕಾಗಿದ್ದರೆ ಉರುಳೆಯ ಒಂದೊಂದು ಸುತ್ತಿಗೂ ಅದರ ಗೀರು ಮರಳಿ ಮರಳಿ ಬೀಳುತ್ತದೆ. ಒಂದು ಗೀರಿನಿಂದ ಮುಂದಿನ ಗೀರಿನವರೆಗೆ ಎಷ್ಟು ಅಲೆಯಿದೆ ಎಣಿಸಿದರೆ ಉರುಳೆಯಲ್ಲಿ ಎಷ್ಟು ಅಲಗಿದ್ದವೆಂದು ತಿಳಿಯುತ್ತದೆ. ಅಗಲದ ಮಗ್ಗುಲಿಗೆ ಎಂಟು ಅಲಗು, ಅಂಚಿಗೆ ಆರು ಅಲಗು ಎಂದು ಕೋಲರ್ ಎಣಿಸಿದ. ಹಲಗೆ ಯಂತ್ರದೊಳಗೆ ಎಷ್ಟು ವೇಗವಾಗಿ ಸಾಗಿತ್ತು ಎಂಬುದನ್ನೂ ಅದರಿಂದಲೇ ಲೆಕ್ಕ ಹಾಕಿದ.

ಆ ಜಾತಿಯ ಪೈನ್ ಕೊಯ್ಯುವ ಪೂರ್ವ ಕರಾವಳಿಯ ಗಿರಣಿಗಳ ಪಟ್ಟಿ ಮಾಡಿದಾಗ 1,598 ಆದವು. ಎಲ್ಲಕ್ಕೂ ಕಾಗದ ಹೋಯಿತು. ಎಂಟು–ಆರು ಅಲಗಿನ ಯಂತ್ರವಿದ್ದದ್ದು 25 ಗಿರಣಿಗಳಲ್ಲಿ. ಅವುಗಳಿಂದ ಮಾದರಿ ಹಲಗೆ ತರಿಸಿ ಒಂದೊಂದನ್ನೇ ಏಣಿಯ ಪಕ್ಕಕ್ಕಿಟ್ಟು ನೋಡಿದ. ಹೊಂದಿದ್ದು ದಕ್ಷಿಣ ಕೆರೊಲಿನಾದ ಮೆಕಾರ್ಮಿಕ್ ಊರಿನ ಡಾರ್ನ್ ಗಿರಣಿಯ ಹಲಗೆ. 1929ರ ಸೆಪ್ಟೆಂಬರಿನಲ್ಲಿ ಆ ಗಿರಣಿಯವರು ಯಂತ್ರದ ಒಂದು ಗಾಲಿ ಬದಲಾಯಿಸಿದ್ದರು, ಆ ವೇಗ ಬಂದದ್ದು ಆಮೇಲೆ. ಹಾಗಾಗಿ ಅದಕ್ಕೂ ಹಿಂದೆ ಕಳುಹಿಸಿದ ಮರವನ್ನೆಲ್ಲ ಬಿಟ್ಟುಬಿಡಬಹುದಾಯಿತು. ಉಳಿದದ್ದು ನಲವತ್ತಕ್ಕೂ ಹೆಚ್ಚು ವ್ಯಾಗನ್ ಮರ. ಕೋಲರ್ ಒಬ್ಬ ಪತ್ತೇದಾರನನ್ನು ಜೊತೆಗೆ ಕರೆದುಕೊಂಡು ಆ ಮರ ಕೊಂಡ ಒಂದೊಂದು ಟಿಂಬರ್ ಡಿಪೋಗೂ ಹೋಗಿ, ಉಳಿದಿದ್ದ ಚೂರುಪಾರುಗಳನ್ನು ತಿರುವಿ ಹಾಕಿ ನೋಡಿದ. 1933ರ ನವೆಂಬರಿನ ಕೊನೆಗೆ ಆ ಗೀರು, ಆ ಅಲೆ ಎರಡೂ ಕೂಡಿ ಸಿಕ್ಕಿದ್ದು ಬ್ರಾಂಕ್ಸ್‌ನ ಒಂದು ಡಿಪೋದಲ್ಲಿ. ಅಲ್ಲಿಯ ಮಳಿಗೆಯವರು ಉಳಿದ ಮರವನ್ನೇ ಬಳಸಿ ಮರ ಇಡುವ ಗೂಡು ಕಟ್ಟಿಕೊಂಡಿದ್ದರು, ಆ ಹಲಗೆಯಿಂದ ಗುರುತು ಸಿಕ್ಕಿತು. ಆ ಮರ ಅಲ್ಲಿಗೆ ಬಂದದ್ದು 1931ರ ಡಿಸೆಂಬರಿನಲ್ಲಿ, ಅಪಹರಣಕ್ಕೆ ಮೂರು ತಿಂಗಳ ಮೊದಲು.

ಅಲ್ಲಿಗೆ ದಾರಿ ಮುಗಿಯಿತು. ಡಿಪೋದವರು ನಗದು ವ್ಯಾಪಾರಕ್ಕೆ ಗಿರಾಕಿಗಳ ಹೆಸರು ಬರೆದಿಡುತ್ತಿರಲಿಲ್ಲ. ಸಾವಿರಾರು ಮೈಲಿ ತಿರುಗಿ, ಕಳ್ಳ ಹಲಗೆ ಕೊಂಡ ಡಿಪೋವರೆಗೆ ಬಂದವನು ಬರಿಗೈಯಲ್ಲಿ ಹಿಂದಿರುಗಿದ.

ಆದರೆ ವರದಿಯಲ್ಲಿ ಇನ್ನೊಂದು ಮಾತು ಬರೆದಿಟ್ಟಿದ್ದ. 16ನೇ ಪಟ್ಟಿ ಉಳಿದವುಗಳಂತಿಲ್ಲ. ಅದರಲ್ಲಿ ಏಣಿಗೆ ಸಂಬಂಧವೇ ಇಲ್ಲದ ನಾಲ್ಕು ಮೊಳೆ ತೂತುಗಳಿವೆ, ಹಳೆಯ ಕಾಲದ ಚೌಕ ಮೊಳೆಯವು. ತೂತಿನ ಸುತ್ತ ತುಕ್ಕಿಲ್ಲ, ಹಲಗೆ ಮಳೆಬಿಸಿಲು ಕಂಡದ್ದಲ್ಲ. ಆದ್ದರಿಂದ ಇದು ಒಳಗೆಲ್ಲೋ, ಕೊಟ್ಟಿಗೆಯಲ್ಲೋ ಅಟ್ಟದಲ್ಲೋ ಹೊಡೆದಿದ್ದ ಹಲಗೆ. ಮೊಳೆಯ ತೂತಿನಿಂದ ತೂತಿಗೆ ಇರುವ ದೂರವನ್ನೂ ಅವನು ಗುರುತಿಸಿದ್ದ.

ತೊಂಬತ್ತೆಂಟು ಸೆಂಟಿನ ಪೆಟ್ರೋಲ್

ನೋಟಿನ ಕಥೆ ಬೇರೆ ದಾರಿಯಲ್ಲಿ ಸಾಗುತ್ತಿತ್ತು. ಒತ್ತೆಹಣದಲ್ಲಿ ಚಿನ್ನದ ನೋಟುಗಳನ್ನೇ, ಅಂದರೆ ಬದಲಿಗೆ ಚಿನ್ನ ಪಡೆಯಬಹುದಾಗಿದ್ದ ನೋಟುಗಳನ್ನೇ, ಹೆಚ್ಚಾಗಿ ಸೇರಿಸಿ, ಪ್ರತಿ ನಂಬರನ್ನೂ ಬರೆದಿಟ್ಟುಕೊಳ್ಳಿ ಎಂದು ಪಟ್ಟು ಹಿಡಿದವನು ಖಜಾನೆ ಇಲಾಖೆಯ ಎಲ್ಮರ್ ಐರಿ. ಕಪೋನ್‌ನನ್ನು ತೆರಿಗೆ ಲೆಕ್ಕದಲ್ಲಿ ಸಿಕ್ಕಿಸಿದ ತಂಡ ಅವನದೇ. ಚಿನ್ನದ ನೋಟಿಗೆ ಹಳದಿ ಮುದ್ರೆ, ಕಂಡ ಕೂಡಲೇ ಗೊತ್ತಾಗುತ್ತದೆ. ಐರಿಯ ಅದೃಷ್ಟಕ್ಕೆ 1933ರ ಏಪ್ರಿಲ್ 5ರಂದು ಅಧ್ಯಕ್ಷ ರೂಸ್‌ವೆಲ್ಟ್, ಮೇ 1ರೊಳಗೆ ಚಿನ್ನವನ್ನೂ ಚಿನ್ನದ ನೋಟುಗಳನ್ನೂ ಬ್ಯಾಂಕಿಗೆ ಒಪ್ಪಿಸಬೇಕೆಂದು ಆದೇಶ ಹೊರಡಿಸಿದರು. ಗಡುವಿನ ಹೊತ್ತಿಗೆ ‘ಜೆ. ಜೆ. ಫಾಕ್ನರ್’ ಎಂದು ಸಹಿ ಮಾಡಿದ ಯಾರೋ 2,980 ಡಾಲರ್ ಒತ್ತೆಹಣವನ್ನು ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿ ಬದಲಾಯಿಸಿಕೊಂಡು ಹೋದರು. ಅದು ಯಾರೆಂದು ಕೊನೆಗೂ ತಿಳಿಯಲಿಲ್ಲ.

ಆಮೇಲೆ ಹಳದಿ ಮುದ್ರೆ ಅಪರೂಪದ ವಸ್ತುವಾಯಿತು. ನ್ಯೂಯಾರ್ಕ್ ಪೊಲೀಸ್ ಅಧಿಕಾರಿ ಜೇಮ್ಸ್ ಫಿನ್, ನೋಟು ಸಿಕ್ಕಿದಲ್ಲೆಲ್ಲ ನಕಾಶೆಯ ಮೇಲೆ ಒಂದೊಂದು ಗುಂಡುಸೂಜಿ ಚುಚ್ಚುತ್ತಿದ್ದ.

1934ರ ಸೆಪ್ಟೆಂಬರ್ 15ರಂದು ಮ್ಯಾನ್‌ಹಟನ್ನಿನ 127ನೇ ಬೀದಿಯ ಪೆಟ್ರೋಲ್ ಬಂಕಿಗೆ ಬಂದವನೊಬ್ಬ 98 ಸೆಂಟಿನ ಪೆಟ್ರೋಲಿಗೆ ಹತ್ತು ಡಾಲರಿನ ಚಿನ್ನದ ನೋಟು ಕೊಟ್ಟ. ಈ ನೋಟು ಬ್ಯಾಂಕಿನಲ್ಲಿ ಹೋಗದಿದ್ದರೆ ತನ್ನ ತಲೆಗೆ ಬರುತ್ತದೆಂಬ ಭಯಕ್ಕೆ ಬಂಕಿನವನು ಕಾರಿನ ನಂಬರನ್ನು ನೋಟಿನ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿಕೊಂಡ: 4ಯು-13-41. ಅವನ ಮನಸ್ಸಿನಲ್ಲಿ ಲಿಂಡ್‌ಬರ್ಗ್ ಇರಲಿಲ್ಲ, ತನ್ನ ಹತ್ತು ಡಾಲರ್ ಇತ್ತು. ನಾಲ್ಕು ದಿನಗಳ ನಂತರ ಕಾರಿನ ಒಡೆಯ ಪೊಲೀಸರ ಕೈಯಲ್ಲಿದ್ದ. ಹೆಸರು ಬ್ರೂನೋ ರಿಚರ್ಡ್ ಹೌಪ್ಟ್‌ಮನ್, ಜರ್ಮನಿಯ ಸ್ಯಾಕ್ಸನಿಯವನು, ಹಡಗಿನಲ್ಲಿ ಕದ್ದು ಕುಳಿತು 1923ರಲ್ಲಿ ಅಮೆರಿಕ ಸೇರಿದವನು. ಮನೆ ಬ್ರಾಂಕ್ಸ್. ಕಸುಬು ಬಡಗಿ.

ಗ್ಯಾರೇಜಿನಲ್ಲಿ ಅಡಗಿಸಿಟ್ಟ 14,000 ಡಾಲರಿಗೂ ಹೆಚ್ಚು ಒತ್ತೆಹಣ ಸಿಕ್ಕಿತು. ಅದು ತನ್ನ ಪಾಲುದಾರ ಇಸಿಡೋರ್ ಫಿಶ್ ಜರ್ಮನಿಗೆ ಹೋಗುವಾಗ ಇಟ್ಟುಕೊಂಡಿರು ಎಂದು ಕೊಟ್ಟ ಪೆಟ್ಟಿಗೆಯಲ್ಲಿತ್ತು, ನೀರಿಗೆ ನೆನೆದಾಗ ಬಿಚ್ಚಿ ನೋಡಿದೆ ಎಂದ ಹೌಪ್ಟ್‌ಮನ್. ಫಿಶ್ ಅದೇ ವರ್ಷ ಮಾರ್ಚಿನಲ್ಲಿ ಕ್ಷಯದಿಂದ ಸತ್ತಿದ್ದ. ಸತ್ತವನನ್ನು ಸಾಕ್ಷಿಗೆ ಕರೆಯಲು ಬರುವುದಿಲ್ಲ. ಹೌಪ್ಟ್‌ಮನ್‌ನ ಮನೆಯಲ್ಲಿ, ಅವನ ಮಗುವಿನ ಕೋಣೆಯ ಬೀರುವಿನ ಒಳಪಟ್ಟಿಯ ಮೇಲೆ ಕಾಂಡನ್‌ನ ಫೋನ್ ನಂಬರು ಬರೆದಿತ್ತು. ಅದನ್ನು ಬರೆದದ್ದು ಸುದ್ದಿಗಾಗಿ ಹಸಿದ ಪತ್ರಕರ್ತನೊಬ್ಬ ಎಂಬ ಮಾತು ಮುಂದೆ ಹರಡಿತು. ಆ ಬರಹವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯುವ ಅಗತ್ಯವೂ ಇಲ್ಲ.

ಕೋಲರ್ ಬಂದು ನಿಂತ ಡಿಪೋದಲ್ಲಿ ಹೌಪ್ಟ್‌ಮನ್ ಆಗಾಗ ಕೆಲಸ ಮಾಡಿದ್ದ. 1931ರ ಡಿಸೆಂಬರ್ 29ರಂದು ಅಲ್ಲಿ 9 ಡಾಲರ್ 32 ಸೆಂಟಿನ ಮರವನ್ನೂ ಕೊಂಡಿದ್ದ.

ಬಟ್ಟೆ ಇಡುವ ಗೂಡಿನ ಅಡ್ಡಪಟ್ಟಿಗಳಿಗೆ ಕಾಲು ಕೊಟ್ಟು, ಮೇಲಿನ ಕಿಂಡಿಯಲ್ಲಿ ಮೈ ತೂರಿಸಿ ಏರಬೇಕಾದ ಅಟ್ಟ ಹೌಪ್ಟ್‌ಮನ್‌ನ ಮನೆಯದು. ಬಂಧಿಸಿ ಒಂದು ವಾರವಾದ ಮೇಲೆ ರಾಜ್ಯ ಪೊಲೀಸ್ ಪತ್ತೇದಾರನೊಬ್ಬ ಅಲ್ಲಿ ನೆಲಹಲಗೆಯೊಂದು ಅರ್ಧಕ್ಕೇ ನಿಂತಿರುವುದನ್ನು ಗಮನಿಸಿದ. ಸುಮಾರು ಎಂಟು ಅಡಿ ಹಲಗೆ ಇಲ್ಲ. ಕೊಯ್ದ ಕಡೆ ಕೆಳಗೆ ಗರಗಸದ ಹೊಟ್ಟು ಬಿದ್ದಿದೆ. ಕೋಲರ್ 16ನೇ ಪಟ್ಟಿಯನ್ನು ತಂದು ಖಾಲಿ ಜಾಗದಲ್ಲಿಟ್ಟ. ನಾಲ್ಕು ತೂತುಗಳು ಕೆಳಗಿನ ತೊಲೆಗಳಲ್ಲಿದ್ದ ನಾಲ್ಕು ತೂತುಗಳ ಮೇಲೆ ಸರಿಯಾಗಿ ಕುಳಿತವು, ಮೊಳೆ ಹಾಕಿದರೆ ಅದೇ ಓರೆಯಲ್ಲಿ ಇಳಿಯಿತು. ಉಳಿದ ಹಲಗೆಯ ತುದಿಯ ವರ್ಷಬಳೆಗಳನ್ನೂ ಪಟ್ಟಿಯ ತುದಿಯ ಬಳೆಗಳನ್ನೂ ಹೋಲಿಸಿದರೆ, ನಡುವೆ ಒಂದೂವರೆ ಅಂಗುಲದಷ್ಟು ಚೂರು ಕಳೆದಿದ್ದರೂ, ಒಂದೇ ಹಲಗೆ ಎಂಬುದು ಸ್ಪಷ್ಟವಿತ್ತು.

ಪೊಲೀಸರೇ ಹಲಗೆ ಕೊಯ್ದು ಏಣಿಗೆ ಸೇರಿಸಿದರೆಂಬ ವಾದ ಅಂದಿನಿಂದ ಇಂದಿನವರೆಗೆ ಇದೆ. ಮನೆ ಅವರ ವಶದಲ್ಲಿತ್ತು, ಹಿಂದಿನ ಶೋಧಗಳಲ್ಲಿ ಯಾರಿಗೂ ಕಾಣದ್ದು ಆಮೇಲೆ ಕಂಡಿತು ಎಂಬುದು ನಿಜ. ಅನುಮಾನ ಸಹಜ. ಆದರೆ ಆ ನಾಲ್ಕು ತೂತುಗಳ ವಿವರ ಹೌಪ್ಟ್‌ಮನ್ ಎಂಬ ಹೆಸರು ಯಾವ ಪೊಲೀಸನ ಕಿವಿಗೂ ಬೀಳುವುದಕ್ಕೆ ಒಂದು ವರ್ಷಕ್ಕೂ ಹಿಂದೆ ಕಾಗದದ ಮೇಲಿತ್ತು. ಮುಂದೆ ಯಾರದೋ ಅಟ್ಟದ ತೊಲೆಗೆ ಹೊಂದುವ ತೂತನ್ನು ಮುಂಚೆಯೇ ಕೊರೆದಿಡುವ ಪೊಲೀಸ್ ಇಲಾಖೆ ಎಲ್ಲೂ ಇಲ್ಲ. ಹೆಜ್ಜೆ ಗುರುತಿನ ಅಳತೆಯನ್ನೇ ಸರಿಯಾಗಿ ತೆಗೆಯದ ಈ ಇಲಾಖೆಗಂತೂ ಅದು ಸಾಧ್ಯವೇ ಇರಲಿಲ್ಲ.

ಫ್ಲೆಮಿಂಗ್ಟನ್ ನ್ಯಾಯಾಲಯ

1935ರ ಜನವರಿ 2ರಂದು ವಿಚಾರಣೆ ಆರಂಭ. ಕಾನೂನಿನ ಒಂದು ವಿಚಿತ್ರ ಇಲ್ಲಿದೆ. ಅಂದು ನ್ಯೂಜೆರ್ಸಿಯಲ್ಲಿ ಅಪಹರಣಕ್ಕೆ ಮರಣದಂಡನೆ ಇರಲಿಲ್ಲ. ಮನೆ ನುಗ್ಗಿ ಕಳ್ಳತನ ಮಾಡುವಾಗ ಆದ ಸಾವು ಕೊಲೆ ಎನಿಸಿಕೊಳ್ಳುತ್ತಿತ್ತು. ಹಾಗಾಗಿ ಸರ್ಕಾರದ ಪರ ವಕೀಲರು ಮಗುವಿನ ಮೈಮೇಲಿದ್ದ ಉಡುಪಿನ ಕಳವನ್ನು ಹಿಡಿದುಕೊಂಡರು. ಅಪಹರಣವನ್ನು ಒಕ್ಕೂಟದ ಅಪರಾಧವಾಗಿಸಿದ ‘ಲಿಂಡ್‌ಬರ್ಗ್ ಕಾಯ್ದೆ’ ಜಾರಿಗೆ ಬಂದದ್ದು 1932ರ ಜೂನ್ 22ರಂದು, ಮಗುವಿನ ಎರಡನೇ ಹುಟ್ಟುಹಬ್ಬದ ದಿನ; ಈ ಘಟನೆಗೆ ಅದು ತಡವಾಗಿತ್ತು.

ಸಾಕ್ಷಿಗಳಲ್ಲಿ ಮನುಷ್ಯರದು ದುರ್ಬಲ. ಬಂಧನದ ನಂತರ ಸಾಲಿನಲ್ಲಿ ನಿಲ್ಲಿಸಿ ತೋರಿಸಿದಾಗ ಇವನೇ ಎನ್ನಲು ಹಿಂಜರಿದ ಕಾಂಡನ್, ನ್ಯಾಯಾಲಯದಲ್ಲಿ ಇವನೇ ಎಂದ. ಆ ದನಿಯಿಂದ ಒಬ್ಬನನ್ನು ಗುರುತಿಸುವುದು ಬಹಳ ಕಷ್ಟವೆಂದು ಮೊದಲು ಹೇಳಿದ್ದ ಲಿಂಡ್‌ಬರ್ಗ್, ಎರಡೂವರೆ ವರ್ಷಕ್ಕೂ ಹಿಂದೆ ಕತ್ತಲಲ್ಲಿ ಕೇಳಿದ ಕೂಗು ಇವನದೇ ಎಂದು ಪ್ರಮಾಣ ಮಾಡಿದ. ನನ್ನ ಮಟ್ಟಿಗೆ ಇವೆರಡನ್ನೂ ತೆಗೆದುಹಾಕಿದರೂ ಪ್ರಕರಣ ಸಡಿಲವಾಗುವುದಿಲ್ಲ. ಆದರೆ ಜ್ಯೂರಿಯ ಮೇಲೆ ಹೆಚ್ಚು ಪರಿಣಾಮ ಬೀರಿದ್ದು ಇವೇ ಇರಬೇಕು ಎಂಬುದು ಕಸಿವಿಸಿಯ ವಿಷಯ. ಅಂದು ಲಿಂಡ್‌ಬರ್ಗ್ ಹೇಳಿದ್ದನ್ನು ಅನುಮಾನಿಸುವ ಧೈರ್ಯ ಯಾರಿಗಿತ್ತು?

ಹೌಪ್ಟ್‌ಮನ್‌ನ ವಕೀಲ ಏಣಿ ತೋರಿಸಿ, ಇದನ್ನು ನೀನು ಮಾಡಿದೆಯಾ ಎಂದು ಕೇಳಿದ. ನಾನು ಬಡಗಿ ಎಂದ ಅವನು, ಸಭೆ ನಕ್ಕಿತು. ಇಂಥ ಕೆಟ್ಟ ಕೆಲಸ ಬಡಗಿಯದಲ್ಲ ಎಂಬ ವಾದ ಕೇಳಲು ಚೆಂದ. ಒಂದು ರಾತ್ರಿಗೆ ಮಾತ್ರ ಬೇಕಾದ, ಆಮೇಲೆ ಬಿಸಾಡುವ ಏಣಿಗೆ ಯಾವ ಬಡಗಿ ನಯ ಹಿಡಿಯುತ್ತಾನೆ?

ಕೋಲರ್ ಸಾಕ್ಷಿ ಕಟ್ಟೆಯಲ್ಲಿ ಮಾಡಿದ ಒಂದು ಕೆಲಸ ಮಾತ್ರ ನೋಡುವಂಥದ್ದು. ಹೌಪ್ಟ್‌ಮನ್‌ನ ಹತ್ತರಿಯನ್ನು ಕೈಗೆತ್ತಿಕೊಂಡು, ಮರದ ತುಂಡೊಂದನ್ನು ಬಿಗಿದು, ನ್ಯಾಯಾಧೀಶರ ಎದುರೇ ಹೆರೆದ. ಹೆರೆದ ಮೈಮೇಲೆ ತೆಳು ಕಾಗದ ಹಾಸಿ ಪೆನ್ಸಿಲ್ ಉಜ್ಜಿದ. ಮಕ್ಕಳು ನಾಣ್ಯದ ಮೇಲೆ ಕಾಗದವಿಟ್ಟು ಉಜ್ಜುವುದಿಲ್ಲವೇ, ಹಾಗೆ. ಹತ್ತರಿಯ ಅಲಗಿನ ಮುಕ್ಕುಗಳು ಗೆರೆಗಳಾಗಿ ಮೂಡಿದವು. ಆಮೇಲೆ 16ನೇ ಪಟ್ಟಿಯ ಅಂಚಿನ ಮೇಲೂ ಅದೇ ರೀತಿ ಉಜ್ಜಿ ಎರಡು ಕಾಗದಗಳನ್ನು ಅಕ್ಕಪಕ್ಕ ಹಿಡಿದ. ಗೆರೆಗೆ ಗೆರೆ ಸರಿಯಾಗಿತ್ತು.

ಫೆಬ್ರುವರಿ 13ರಂದು ತೀರ್ಪು ಬಂತು: ಅಪರಾಧಿ, ಮರಣದಂಡನೆ. ರಾಜ್ಯಪಾಲ ಹೆರಾಲ್ಡ್ ಹಾಫ್‌ಮನ್ ಜೈಲಿಗೆ ಹೋಗಿ ಕೈದಿಯನ್ನು ಕಂಡು, ಮೂವತ್ತು ದಿನ ಶಿಕ್ಷೆ ಮುಂದೂಡಿ, ಒಬ್ಬನಿಂದಲೇ ಇದೆಲ್ಲ ಆಯಿತೇ ಎಂದು ಹೊಸದಾಗಿ ಕೆದಕಿ ನೋಡಿದ. ಹೌಪ್ಟ್‌ಮನ್ ಕೊನೆಯವರೆಗೂ ತಪ್ಪೊಪ್ಪಿಕೊಳ್ಳಲಿಲ್ಲ. 1936ರ ಏಪ್ರಿಲ್ 3ರಂದು ಟ್ರೆಂಟನ್ ಜೈಲಿನ ವಿದ್ಯುತ್ ಕುರ್ಚಿಯಲ್ಲಿ ಅವನ ಪ್ರಾಣ ಹೋಯಿತು. ಹೆಂಡತಿ ಆ್ಯನಾ 1994ರಲ್ಲಿ ಸಾಯುವವರೆಗೂ ಗಂಡ ನಿರಪರಾಧಿ ಎಂದೇ ಹೋರಾಡಿದಳು.

ಹೌಪ್ಟ್‌ಮನ್ ಏಣಿ ಮಾಡಿದ, ಹಣ ಪಡೆದ. ಇದರಲ್ಲಿ ನನಗೆ ಅನುಮಾನವಿಲ್ಲ. ಅವನು ಒಬ್ಬನೇ ಇದ್ದನೇ? ಹಲಗೆ ಅದನ್ನು ಹೇಳುವುದಿಲ್ಲ. ಫಾಕ್ನರ್ ಸಹಿಯ ಹಿಂದಿನ ಕೈ ಹಾಗೇ ಕತ್ತಲಲ್ಲಿದೆ. ಇನ್ನು ಆ ಮಂಗಳವಾರ: ಮನೆಯವರಿಗೇ ಹಿಂದಿನ ದಿನ ಗೊತ್ತಿರದ್ದು ಬ್ರಾಂಕ್ಸ್‌ನ ಬಡಗಿಗೆ ಹೇಗೆ ತಿಳಿಯಿತು? ಯಾರೂ ಹೇಳಬೇಕಾಗಿಯೇ ಇರಲಿಲ್ಲ ಎನ್ನುವುದು ನನ್ನ ಊಹೆ. ಕುಟುಂಬ ವಾರಾಂತ್ಯಕ್ಕೆ ಮಾತ್ರ ಬರುತ್ತದೆಂಬ ರೂಢಿ ಅವನಿಗೆ ತಿಳಿಯದೇ ಇದ್ದಿರಬಹುದು. ಪತ್ರಿಕೆಗಳು ಹೊಸ ಮನೆಯ ಬಗ್ಗೆ ಬರೆದಿದ್ದವು. ಅದನ್ನು ನೋಡಿ ಅವರು ಅಲ್ಲೇ ವಾಸವಾಗಿದ್ದಾರೆಂದುಕೊಂಡು ಬಂದ, ನೆಗಡಿ ಅವನಿಗೆ ಒದಗಿತು. ಈ ಊಹೆಗೆ ಮೂಲೆಯ ಆ ಕಿಟಕಿ ಮಾತ್ರ ಒಪ್ಪುವುದಿಲ್ಲ. ಇಡೀ ಮನೆಯಲ್ಲಿ ಅಷ್ಟೊಂದು ಕಿಟಕಿಗಳಿರುವಾಗ, ಚಿಲಕ ಕೂರದ ಒಂದಕ್ಕೇ ಅವನು ನೇರವಾಗಿ ಏಣಿ ಚಾಚಿದ್ದ.